ಮೋಟರ್‌ಹೋಮ್‌ಗೆ ನೆಲ ಹಾಕಿಸಿದ ನನ್ನ ಅನುಭವ

ಕಲಬುರಗಿಯಲ್ಲಿ ನೆಲದ ಮಾತು ಬಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಶಹಾಬಾದ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು. ಮನೆಗೆ ಅದಕ್ಕಿಂತ ಒಳ್ಳೆಯ ನೆಲವನ್ನು ನಾನೂ ಕಂಡಿಲ್ಲ. ಆದರೆ ಒಂದು ಇಂಚು ದಪ್ಪದ ಫರಸಿ ಚದರ ಮೀಟರಿಗೆ 60 ಕಿಲೋಗೂ ಹೆಚ್ಚು ತೂಗುತ್ತದೆ. ಮೇಲಾಗಿ ಗಾಡಿ ಓಡುವಾಗ ಚಾಸಿ ಸದಾ ತುಸು ತಿರುಚಿಕೊಳ್ಳುವುದರಿಂದ ಕಲ್ಲಾಗಲಿ ಟೈಲ್ಸ್ ಆಗಲಿ ಬಿರುಕು ಬಿಡದೆ ಉಳಿಯುವುದು ಕಷ್ಟ. ಆದ್ದರಿಂದ ನಮ್ಮ ಹಳೆಯ ಟೆಂಪೋ ಟ್ರಾವೆಲರ್ ಗಾಡಿಯನ್ನು ಒಳಗೇ ಉಳಿದುಕೊಳ್ಳಬಹುದಾದ ಮೋಟರ್‌ಹೋಮ್ ಮಾಡಿಸುವಾಗ ನಾನು ಮೊದಲು ಲೆಕ್ಕ ಹಾಕಿದ್ದು ತೂಕವನ್ನು ಮತ್ತು ಬಿಸಿಲನ್ನು.

ಮೇ ತಿಂಗಳಲ್ಲಿ ಇಲ್ಲಿ ತಾಪಮಾನ 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಕಿಟಕಿ ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಕಾವು ಅದಕ್ಕಿಂತ ಬಹಳ ಮೇಲೇರುತ್ತದೆ. ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ, ಒಂದಕ್ಕೊಂದು ಸಿಕ್ಕಿಸುವ ಎಸ್‌ಪಿಸಿ ಹಲಗೆಗಳು ನೀರಿಗೆ ಕೆಡುವುದಿಲ್ಲವಾದರೂ ಕಾವಿಗೆ ಹಿಗ್ಗುತ್ತವೆ. ಮನೆಯಲ್ಲಾದರೆ ಗೋಡೆಯ ಅಂಚಿನಲ್ಲಿ ಸಂದು ಬಿಟ್ಟು ಅವಕ್ಕೆ ಜಾಗ ಕೊಡಬಹುದು. ಗಾಡಿಯಲ್ಲಿ ಕಪಾಟು, ಮಂಚಗಳನ್ನು ಬೋಲ್ಟ್ ಹಾಕಿ ನೆಲಕ್ಕೇ ಬಿಗಿಯುವುದರಿಂದ ಹಲಗೆಗಳು ಅಲ್ಲಲ್ಲೇ ಸಿಕ್ಕಿಕೊಂಡು ನಡುವೆ ಉಬ್ಬುವ ಭಯವಿರುತ್ತದೆ. ಮರದ ನಾರನ್ನು ಒತ್ತಿ ಮಾಡಿದ ಲ್ಯಾಮಿನೇಟ್ ಹಲಗೆ ಅಂತೂ ನೀರು ಇಳಿದರೆ ಊದಿಕೊಳ್ಳುತ್ತದೆ. ಕೊನೆಗೆ 2 ಮಿ.ಮೀ. ದಪ್ಪದ, ಒಂದೇ ತುಂಡಿನ ವಿನೈಲ್ (ಪ್ಲಾಸ್ಟಿಕ್) ಹಾಳೆಯನ್ನು ಆರಿಸಿದೆ. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿಕೊಂಡು ಬರುವ ಎರೆಮಣ್ಣು ಹೊಕ್ಕು ಕೂರಲು ಅದರಲ್ಲಿ ಸಂದೇ ಇಲ್ಲ.

ಹಾಳೆ ಎಷ್ಟೇ ಚೆನ್ನಾಗಿರಲಿ, ನೆಲದ ಆಯುಷ್ಯ ನಿಂತಿರುವುದು ಅದರ ಕೆಳಗಿನ ಪ್ಲೈವುಡ್ ಮೇಲೆ. ಹಳೆಯ ರಬ್ಬರ್ ಹಾಸನ್ನು ಎತ್ತಿದಾಗ ಬಾಗಿಲ ಬಳಿಯ ಪ್ಲೈ ಕೊಳೆತು, ತಗಡಿಗೆ ತುಕ್ಕು ಹತ್ತಿತ್ತು. ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆದು ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿಸಿದೆ. ತಗಡಿನ ಏಣುಗಳ ನಡುವೆ ಕಾವು ತಡೆಯುವ ಎಕ್ಸ್‌ಪಿಎಸ್ ಫೋಮ್ ಹಾಳೆ ತುಂಬಿಸಿ, ಅದರ ಮೇಲೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ, ನೀರು ತಾಳುವ 12 ಮಿ.ಮೀ. ಮರೈನ್ ಪ್ಲೈ ಕೂರಿಸಿದೆವು. ಪ್ಲೈ ನೀರು ಕುಡಿಯುವುದು ಕತ್ತರಿಸಿದ ಅಂಚಿನಿಂದ. ಆದ್ದರಿಂದ ಪ್ರತಿ ಅಂಚಿಗೂ ಎಪಾಕ್ಸಿ ಬಳಿಯಲೇಬೇಕು, ಇದರಲ್ಲಿ ರಾಜಿ ಬೇಡ. ಸ್ಕ್ರೂ ಇಳಿಸುವ ಮೊದಲು ಗಾಡಿಯ ಅಡಿಗೆ ಹೋಗಿ ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪು, ವೈರುಗಳು ಎಲ್ಲಿವೆಯೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೆ. ಸ್ಕ್ರೂ ತಲೆಗಳನ್ನು ಮಟ್ಟಕ್ಕಿಂತ ಒಳಗಿಳಿಸಿ ಎಪಾಕ್ಸಿ ಪುಟ್ಟಿ ತುಂಬಿದೆವು. ಗೋಡೆಯ ಪುಟ್ಟಿಯಾದರೆ ಗಾಡಿಯ ಅದುರಾಟಕ್ಕೆ ಪುಡಿಯಾಗಿ, ಅದರ ಗುಂಡಿ ತೆಳ್ಳನೆಯ ವಿನೈಲ್ ಮೇಲೆ ಎದ್ದು ಕಾಣುತ್ತದೆ.

ಚಕ್ರದ ಉಬ್ಬು, ಬಾಗಿಲ ಮೆಟ್ಟಿಲುಗಳ ಆಕಾರವನ್ನು ಮೊದಲು ರಟ್ಟಿನ ಮೇಲೆ ಕತ್ತರಿಸಿಕೊಂಡು, ಬಿಸಿಲಲ್ಲಿ ಹಾಸಿ ಸುರುಳಿ ಬಿಡಿಸಿದ ಹಾಳೆಗೆ ಅದನ್ನೇ ಇಳಿಸಿದೆವು. ಅಂಟಿನ ವಿಷಯದಲ್ಲಿ ಬಡಗಿಗೂ ನನಗೂ ಸ್ವಲ್ಪ ವಾದವಾಯಿತು. ಅವರು ಸನ್‌ಮೈಕಾಗೆ ಬಳಸುವ ರಬ್ಬರ್ ಅಂಟು ಸಾಕೆಂದರು. ಅದು ಕಾವಿಗೆ ಮೆತ್ತಗಾಗುವುದರಿಂದ ಎರಡು ಭಾಗಗಳನ್ನು ಕಲಸಿ ಹಚ್ಚುವ ಪಾಲಿಯುರೆಥೇನ್ ಅಂಟನ್ನೇ ತರಿಸಿದೆ. ಮಧ್ಯಾಹ್ನದ ಕಾವಿನಲ್ಲಿ ಅದು ಬೇಗ ಗಟ್ಟಿಯಾಗುವುದರಿಂದ ಬೆಳಿಗ್ಗೆಯೇ ಹಚ್ಚಿ, ನಡುವಿನಿಂದ ಅಂಚಿನ ಕಡೆಗೆ ರೋಲರ್ ಎಳೆದು ಗಾಳಿ ಹೊರಡಿಸಿದೆವು. ಕಪಾಟುಗಳು ಕುಳಿತದ್ದು ಆಮೇಲೆ.

ಬಾಗಿಲಿಗೆ ಅಲ್ಯೂಮಿನಿಯಂ ಪಟ್ಟಿ ಬಡಿದು, ಸುತ್ತಲ ಅಂಚಿಗೆ ಸೀಲಂಟ್ ತುಂಬಿದ್ದಾಯಿತು. ವಿನೈಲ್ ಮೇಲೆ ರಬ್ಬರ್ ಮ್ಯಾಟ್ ಮಾತ್ರ ಹಾಸಬಾರದು. ರಬ್ಬರಿನಲ್ಲಿರುವ ರಾಸಾಯನಿಕ ವಿನೈಲ್‌ಗೆ ಇಳಿದು, ಉಜ್ಜಿದರೂ ಹೋಗದ ಹಳದಿ ಕಲೆ ಬಿಡುತ್ತದೆ. ನಾವು ಕಾಲೊರೆಸಲು ಹಾಸಿರುವುದು ಹತ್ತಿಯ ಜಮಖಾನೆಯ ತುಂಡು.