ಭಾನುವಾರ ಬೆಳಿಗ್ಗೆ ನಾಯಿ ಕಿವಿ ಮೂಸೋದು

ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ನಾನು ಜಗಲಿಯಲ್ಲಿ ಕೂತು ನಾಯಿಗಳ ಕಿವಿ ಮೂಸುತ್ತೇನೆ. ಮೊದಲ ಸಲ ನೋಡಿದವರಿಗೆ ನಗು ಬರುತ್ತದೆ. ಅಡಿಕೆ ಕೊನೆ ಕೊಯ್ಯಲು ಬಂದ ಹುಡುಗನೊಬ್ಬ, “ಅಣ್ಣ, ಸೆಂಟ್ ಹಾಕಿದ್ದೀರಾ ಅದಕ್ಕೆ?” ಎಂದು ಕೇಳಿದ್ದ. ಕೇಳಲಿ ಬಿಡಿ. ಹನ್ನೊಂದು ವರ್ಷದಲ್ಲಿ ನಾಯಿ ಕಿವಿಯ ಬಗ್ಗೆ ನಾನು ಕಲಿತದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಮೂಸುವ ಕೆಲಸವೇ.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಎರಡು ನಾಯಿ. ಕಾಳ ಶಿವಮೊಗ್ಗದ ಬೀದಿಯಿಂದ ಬಂದವನು, ನೆಟ್ಟಗೆ ನಿಂತ ಕಿವಿ, ಒಂದು ಕಿವಿಯ ತುದಿಯಲ್ಲಿ ಸಣ್ಣ ಕಚ್ಚು. ಯಾರೋ ಕತ್ತರಿಸಿ ಹಿಂಸೆ ಮಾಡಿದ್ದಾರೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ, ಸಂತಾನಹರಣದ ಆಪರೇಷನ್ ಆಗಿದೆ ಎಂದು ದೂರದಿಂದಲೇ ಗೊತ್ತಾಗಲಿ ಅಂತ ಬೀದಿನಾಯಿಗಳಿಗೆ ಮಾಡುವ ಗುರುತು ಅದು. ಕೇಳಿಸುವುದಕ್ಕೆ ಅದರಿಂದ ಏನೂ ತೊಂದರೆ ಇಲ್ಲ. ಇನ್ನೊಬ್ಬ ಗುಂಡ, ಕಾಕರ್ ಸ್ಪ್ಯಾನಿಯಲ್. ಬೆಂಗಳೂರಿನ ನೆಂಟರು ಅಪಾರ್ಟ್‌ಮೆಂಟಿನಲ್ಲಿ ಸಾಕಲಾಗದೆ, ಒಂದೂವರೆ ವರ್ಷದವನಿದ್ದಾಗ ತಂದು ಬಿಟ್ಟರು. ತಲೆಯ ಎರಡೂ ಕಡೆ ಒದ್ದೆ ಟವೆಲ್ ನೇತು ಹಾಕಿದಂಥ ಕಿವಿ. ಅವನು ನೀರು ಕುಡಿದರೆ ಕಿವಿಯೂ ಕುಡಿಯುತ್ತದೆ, ಅನ್ನ ತಿಂದರೆ ಕಿವಿಯೂ ಉಣ್ಣುತ್ತದೆ. ಇಂಥವನನ್ನು ಮಳೆಗಾಲ ಪೂರ್ತಿ ಬಟ್ಟೆಯೇ ಒಣಗದ ಊರಿಗೆ ತಂದರೆ ಏನಾಗಬೇಕೋ ಅದೇ ಆಯಿತು.

ಮೊದಲ ಆಷಾಢದಲ್ಲೇ ಶುರು. ರಾತ್ರಿ ಹೊತ್ತು ಪಟಪಟ ಪಟಪಟ ಅಂತ ತಲೆ ಒದರುವ ಸದ್ದು. ಬೆಳಿಗ್ಗೆ ಎತ್ತಿ ನೋಡಿದರೆ ಒಳಗೆಲ್ಲ ಕಂದು ಗುಗ್ಗೆ. ಅಮ್ಮ, “ಕೊಬ್ಬರಿ ಎಣ್ಣೆಗೆ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಕಾಯಿಸಿ ಬಿಡೋ, ನಿನಗೂ ಚಿಕ್ಕವನಿದ್ದಾಗ ಅದನ್ನೇ ಬಿಡ್ತಿದ್ದೆ” ಅಂದರು. ಬಿಟ್ಟೆ. ಮೇಲಿಂದ ಕಾಟನ್ ಬಡ್ಸ್ ಹಾಕಿ ತಿರುಗಿಸಿ ತಿರುಗಿಸಿ ತೆಗೆದೆ. ಬಡ್ಸ್ ತುದಿಗೆ ಬಂದ ಕೊಳೆ ನೋಡಿ ಒಳ್ಳೇ ಕೆಲಸ ಮಾಡಿದೆ ಅನ್ನಿಸಿತು. ನಾಲ್ಕನೇ ದಿನ ಬಲಗಿವಿಯ ಹಾಲೆ ಹೂರಣ ತುಂಬಿದ ಕಡುಬಿನ ಹಾಗೆ ಊದಿಕೊಂಡಿತು. ಮುಟ್ಟಿದರೆ ಮೆತ್ತಗೆ, ಬಿಸಿ.

ಡಾಕ್ಟ್ರು ನೋಡಿದ ತಕ್ಷಣ ಹೇಳಿದರು: ತಲೆ ಒದರಿ ಒದರಿ ಹಾಲೆಯೊಳಗಿನ ಸಣ್ಣ ರಕ್ತನಾಳ ಒಡೆದಿದೆ, ಚರ್ಮ ಮತ್ತು ಮೃದು ಎಲುಬಿನ ನಡುವೆ ರಕ್ತ ತುಂಬಿಕೊಂಡಿದೆ. ಅದನ್ನು ತೆಗೆದು, ಹೊಲಿಗೆ ಹಾಕಿ, ತಲೆಗೆ ಪಟ್ಟಿ ಸುತ್ತಿ ಕಳಿಸಿದರು. ಊತಕ್ಕಿಂತ ಒಳಗಿನದೇ ದೊಡ್ಡ ಸಮಸ್ಯೆ ಅಂದವರು ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಆ ಚೀಟಿ ಈಗಲೂ ಪಂಚಾಂಗದೊಳಗೆ ಇದೆ.

ನಮ್ಮ ಕಿವಿಯ ದಾರಿ ಹೆಚ್ಚುಕಡಿಮೆ ನೇರ. ನಾಯಿಯದು ಹಾಗಲ್ಲ. ಮೊದಲು ಬಾವಿಯ ಹಾಗೆ ಕೆಳಕ್ಕೆ ಇಳಿಯುತ್ತದೆ, ಆಮೇಲೆ ಮೂಲೆ ತಿರುಗಿ ತಲೆಯೊಳಕ್ಕೆ ಅಡ್ಡ ಹೋಗುತ್ತದೆ. ಕಿವಿಯ ತಮಟೆ ಇರುವುದು ಆ ಅಡ್ಡ ದಾರಿಯ ಕೊನೆಯಲ್ಲಿ. ನಾನು ಬಡ್ಸ್ ಹಾಕಿ ತಿರುಗಿಸಿದಾಗ ತುದಿಗೆ ಬಂದದ್ದು ಸ್ವಲ್ಪ, ಮೂಲೆಗೆ ಒತ್ತಿ ಕೂರಿಸಿದ್ದು ಜಾಸ್ತಿ. ಬಾವಿಗೆ ಬಿದ್ದ ಎಣ್ಣೆಯಂತೂ ಅಲ್ಲೇ ನಿಂತು, ಅಂಟಾಗಿ, ಒಳಗಿನ ತೇವ ಆರದ ಹಾಗೆ ಮಾಡಿತ್ತು. ಕಡ್ಡಿಗೆ ಹತ್ತಿ ಸುತ್ತಿ ಸ್ವಲ್ಪ ಕೊಳೆ ತೆಗೆದು, ಗಾಜಿನ ಮೇಲೆ ಉರುಳಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಸಣ್ಣ ಸಣ್ಣ ಕಡಲೆಕಾಯಿಗಳು! ಯೀಸ್ಟ್. ನಾಯಿಯ ಚರ್ಮದ ಮೇಲೆ ಯಾವಾಗಲೂ ಇರುವಂಥದ್ದೇ, ಬೆಚ್ಚಗೆ ಒದ್ದೆಯಾಗಿ ಜಾಗ ಸಿಕ್ಕರೆ ಸಂಸಾರ ಬೆಳೆಸುತ್ತದೆ.

ಅವತ್ತಿಂದ ನನ್ನ ಲೆಕ್ಕ ಬದಲಾಯಿತು. ನಾನು ಕಿವಿಯನ್ನು ಕೊಳೆಯ ಸಮಸ್ಯೆ ಅಂದುಕೊಂಡಿದ್ದೆ. ಅದು ತೇವದ ಸಮಸ್ಯೆ. ಕೊಳೆರೋಗ ಬಂದ ತೋಟಕ್ಕೆ ಅಡಿಕೆ ಬೆಳೆಯುವವನು ಹೇಗೆ ಯೋಚಿಸುತ್ತಾನೋ ಹಾಗೆ ಯೋಚಿಸಬೇಕಿತ್ತು: ನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಎಲ್ಲಿ ಆಡುವುದಿಲ್ಲ?

ಹಾಗಾಗಿ ಮೊದಲು ನೀರಿನ ಬಟ್ಟಲು ಬದಲಾಯಿಸಿದೆ. ಅಗಲ ಬಟ್ಟಲು ತೆಗೆದು, ಮೂತಿ ಮಾತ್ರ ಹೋಗುವಷ್ಟು ಬಾಯಿಯ ಎತ್ತರದ ಸ್ಟೀಲ್ ಡಬ್ಬ ಇಟ್ಟೆ. ಕಿವಿ ಎರಡೂ ಹೊರಗೆ ಇಳಿಬೀಳುತ್ತವೆ, ನೆನೆಯುವುದಿಲ್ಲ. ಊಟದ ಹೊತ್ತಿಗೆ ನನ್ನ ಹಳೇ ಸ್ವೆಟರಿನ ತೋಳು ಕತ್ತರಿಸಿ ಮಾಡಿದ ಕುಲಾವಿ. ಅದನ್ನು ಹಾಕಿಕೊಂಡರೆ ಗುಂಡ ಥೇಟು ಚಳಿಗೆ ಮಫ್ಲರ್ ಕಟ್ಟಿದ ಮುದುಕ. ಹಾಲೆಯ ಒಳಮೈಯ ಕೂದಲನ್ನು ತಿಂಗಳಿಗೊಮ್ಮೆ ಟ್ರಿಮ್ಮರಿನಲ್ಲಿ ಗಿಡ್ಡ ಮಾಡುತ್ತೇನೆ. ಹಳ್ಳಕ್ಕೆ ಬಿದ್ದು ಬಂದ ದಿನ ಕಿವಿಗಳನ್ನು ತಲೆ ಮೇಲೆ ಮಡಚಿ, ಒಣ ಬಟ್ಟೆಯಲ್ಲಿ ಒತ್ತಿ, ಒಲೆಯ ಹತ್ತಿರ ಕೂರಿಸುವುದು.

ತೊಳೆಯುವುದು ಹೀಗೆ. ಡಾಕ್ಟ್ರು ಬರೆದುಕೊಟ್ಟ ಕಿವಿ ತೊಳೆಯುವ ದ್ರಾವಣದ ಬಾಟ್ಲಿಯನ್ನು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ಇಡುತ್ತೇನೆ, ತಣ್ಣಗಿದ್ದರೆ ಗುಂಡ ಹೌಹಾರುತ್ತಾನೆ. ಹಾಲೆಯನ್ನು ಮೇಲಕ್ಕೆ ಎತ್ತಿ ಹಿಡಿದು, ಬಾಟ್ಲಿಯ ಮೂತಿ ಚರ್ಮಕ್ಕೆ ತಾಗದ ಹಾಗೆ, ತುಳುಕುವಷ್ಟು ಬಿಡುತ್ತೇನೆ. ಆಮೇಲೆ ಕಿವಿಯ ಬುಡ. ಹೆಬ್ಬೆರಳು ಒಂದು ಕಡೆ, ಎರಡು ಬೆರಳು ಇನ್ನೊಂದು ಕಡೆ ಇಟ್ಟು ಹಿಡಿದರೆ ಗಟ್ಟಿ ಕೊಳವೆ ಕೈಗೆ ಸಿಗುತ್ತದೆ. ಅದನ್ನು ಮೂವತ್ತು ಎಣಿಸುವಷ್ಟು ಹೊತ್ತು ಮೆಲ್ಲಗೆ ಒತ್ತಿ ಬಿಡಬೇಕು. ಒಳಗಿಂದ ಪಿಚಕ್ ಪಿಚಕ್ ಸದ್ದು ಬಂದರೆ ಸರಿಯಾದ ಜಾಗ ಹಿಡಿದಿದ್ದೀರಿ. ಗುಂಡನಿಗೆ ಇದು ಎಷ್ಟು ಇಷ್ಟ ಅಂದರೆ ಕಣ್ಣು ಮುಚ್ಚಿ ಕಾಲು ಆಡಿಸುತ್ತಾನೆ. ನಂತರ ಕೈ ಬಿಟ್ಟು ದೂರ ಓಡಬೇಕು. ಅವನು ಒದರಿದಾಗ ಮೂಲೆಯಲ್ಲಿದ್ದದ್ದೆಲ್ಲ ತಾನಾಗಿ ಮೇಲೆ ಬರುತ್ತದೆ, ನಿಮ್ಮ ಅಂಗಿಗೂ. ಕೊನೆಗೆ ಬೆರಳಿಗೆ ಹತ್ತಿ ಸುತ್ತಿ, ಬೆರಳು ಸುಲಭವಾಗಿ ಹೋಗುವಷ್ಟು ಮಾತ್ರ ಒರೆಸುವುದು. ಬಡ್ಸ್ ಡಬ್ಬ ಮನೆಯಿಂದಲೇ ಹೊರಗೆ ಹಾಕಿದ್ದೇನೆ.

ಎಷ್ಟು ದಿನಕ್ಕೊಮ್ಮೆ? ಮಳೆಗಾಲದಲ್ಲಿ ಗುಂಡನಿಗೆ ವಾರಕ್ಕೊಮ್ಮೆ. ಬೇಸಿಗೆಯಲ್ಲಿ ವಾಸನೆ ಬಂದರೆ ಮಾತ್ರ. ಕಾಳನಿಗೆ ಇವತ್ತಿನವರೆಗೆ ಒಮ್ಮೆಯೂ ಇಲ್ಲ, ಸುಮ್ನೆ ಮೂಸಿ ಬಿಡುತ್ತೇನೆ. ಚೆನ್ನಾಗಿರುವ ಕಿವಿಯನ್ನು ದಿನಾ ತೊಳೆದರೆ ನಾವೇ ತೇವ ಹಾಕಿದಂತೆ ಅಲ್ವಾ?

ಇನ್ನು ವಾಸನೆ. ಚೆನ್ನಾಗಿರುವ ಕಿವಿಗೆ ಹೆಚ್ಚೇನೂ ವಾಸನೆ ಇಲ್ಲ, ಒಗೆದಿಟ್ಟ ಕಂಬಳಿಯ ಹಾಗೆ. ಹುಳಿ ಬಂದ ದೋಸೆ ಹಿಟ್ಟಿನ ವಾಸನೆ, ಜಿಡ್ಡು ಜಿಡ್ಡಾದ ಕಂದು ಗುಗ್ಗೆ ಇದ್ದರೆ ನಮ್ಮ ಮನೆಯಲ್ಲಿ ಅದು ಪ್ರತಿ ಸಲವೂ ಯೀಸ್ಟೇ. ಕೊಳೆತ ವಾಸನೆ, ಹಳದಿ ಹಸಿರು ಕೀವು ಕಂಡರೆ ಬ್ಯಾಕ್ಟೀರಿಯಾ, ಆಗ ಮನೆಯಲ್ಲಿ ಏನೂ ಮಾಡದೆ ಆಸ್ಪತ್ರೆಗೆ. ಪಕ್ಕದ ಮನೆಯ ಮರಿಗೆ ಒಮ್ಮೆ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದಂಥ ಒಣ ಕಪ್ಪು ಪುಡಿ ಇತ್ತು. ಅದು ಕಿವಿಯ ನುಸಿ. ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ಹುಳ, ಒಂದರಿಂದ ಇನ್ನೊಂದು ಪ್ರಾಣಿಗೆ ಹರಡುತ್ತದೆ, ಬೆಕ್ಕಿಗೂ. ಕಳೆದ ಸಲದ ಉಳಿದ ಔಷಧಿಯನ್ನು ಈ ಸಲ ಬಿಡುವ ಚಾಳಿ ನನಗೂ ಇತ್ತು. ಬಿಟ್ಟಿದ್ದೇನೆ. ತಮಟೆ ತೂತಾಗಿದ್ದರೆ ಕೆಲವು ಹನಿ ಔಷಧಿಗಳು ಒಳಗಿವಿಗೆ ಇಳಿದು ಕಿವುಡು ಮಾಡಬಹುದು. ತಮಟೆ ಸರಿ ಇದೆಯೋ ಇಲ್ಲವೋ ಎನ್ನುವುದು ಬೆಳಕಿನ ಕೊಳವೆ ಹಾಕಿ ನೋಡುವವರಿಗೇ ಗೊತ್ತು, ನನಗಲ್ಲ.

ಮೂರನೇ ವರ್ಷವೂ ಸೋಂಕು ಮರಳಿ ಬಂದಾಗ ಡಾಕ್ಟ್ರು ಅವನ ಪಾದ ತೋರಿಸಿದರು. ಬೆರಳುಗಳ ನಡುವೆ ನೆಕ್ಕಿ ನೆಕ್ಕಿ ಕೂದಲು ಕೆಂಪಗಾಗಿತ್ತು. ಕಿವಿಯ ಒಳಗೂ ಇರುವುದು ಚರ್ಮವೇ, ಇವನಿಗೆ ಅಲರ್ಜಿ ಇದೆ, ಅದು ಮೊದಲು ಕಿವಿಯಲ್ಲಿ ಕಾಣಿಸುತ್ತದೆ ಅಂದರು. ಅಲರ್ಜಿಯ ಚಿಕಿತ್ಸೆ ಶುರುವಾದ ಮೇಲೆ ಕಿವಿಯ ಕಾಟ ಅರ್ಧಕ್ಕಿಳಿಯಿತು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಕಾಳನಿಗೆ ಇರುವ ಒಂದೇ ತೊಂದರೆ ಉಣುಗು, ಅಂದರೆ ಉಣ್ಣೆ ಹುಳ. ಹಾಲೆಯ ಮಡಿಕೆಯಲ್ಲಿ, ಒಳಗಿನ ಮೆತ್ತನೆ ಚರ್ಮದಲ್ಲಿ ಕಚ್ಚಿಕೊಂಡು ಹರಳಿನ ಬೀಜದ ಹಾಗೆ ಉಬ್ಬಿರುತ್ತವೆ. ಉಣುಗು ಅಂದರೆ ನಮ್ಮ ಕಡೆಯವರಿಗೆ ಅದು ಹರಡುವ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ನಾಯಿಗೆ ಉಣುಗಿನಿಂದ ಬರುವ ಜ್ವರ ಬೇರೆ, ಆದರೆ ಅದೂ ಪ್ರಾಣಕ್ಕೆ ಎರವಾಗುವಂಥದ್ದೇ. ಹಿಂದೆ ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ ಹಚ್ಚುತ್ತಿದ್ದರು. ಅವೆರಡೂ ನಾಯಿಗೆ ವಿಷವೇ. ನಾನು ಚಿಮುಟದಲ್ಲಿ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ, ನಿಧಾನಕ್ಕೆ ನೇರ ಎಳೆಯುತ್ತೇನೆ. ಎಳೆದದ್ದು ಸ್ಪಿರಿಟ್ ಹಾಕಿದ ಸೀಸೆಗೆ. ಉಗುರಿನಲ್ಲಿ ಕುಕ್ಕಬಾರದು.

ಕಾಳನ ಕಿವಿ ಕೇಳುವ ರೀತಿ ನೋಡಬೇಕು. ನಾನು ಪೇಟೆಯಿಂದ ಬರುವಾಗ ಬೈಕು ಇನ್ನೂ ಸೇತುವೆಯ ಆಚೆ ಇರುವಾಗಲೇ ಅವನು ಗೇಟಿನ ಹಾಗೆ ಅಡ್ಡ ಇಡುವ ಉಣುಗೋಲಿನ ಹತ್ತಿರ ಹೋಗಿ ನಿಲ್ಲುತ್ತಾನಂತೆ. ಅದೇ ಕಂಪನಿಯ ಪಕ್ಕದ ಮನೆಯ ಬೈಕಿಗೆ ಏಳುವುದೂ ಇಲ್ಲ. ಅಡಿಕೆ ಸಿಪ್ಪೆಯ ರಾಶಿ ಮುಂದೆ ನಿಂತು, ಒಂದು ಕಿವಿ ಮುಂದೆ, ಒಂದು ಕಿವಿ ಪಕ್ಕಕ್ಕೆ ತಿರುಗಿಸಿ, ತಲೆ ವಾಲಿಸಿ, ಇದ್ದಕ್ಕಿದ್ದಂತೆ ಹಾರುತ್ತಾನೆ. ಬಾಯಲ್ಲಿ ಇಲಿ. ನಮಗೆ ಒಂದು ಚೂರೂ ಸದ್ದು ಕೇಳಿರುವುದಿಲ್ಲ.

ಯಾಕೆ ಅನ್ನುವುದು ನನಗೆ ತಿಳಿದದ್ದು ಒಂದು ದಡ್ಡತನದಿಂದ. ಅಡಿಕೆ ಇಡುವ ಕೋಣೆಯಲ್ಲಿ ಇಲಿ ಜಾಸ್ತಿ ಅಂತ ಆನ್‌ಲೈನಿನಲ್ಲಿ ಒಂದು ಯಂತ್ರ ತರಿಸಿದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥದ್ದು. ಇಲಿಗೆ ಮಾತ್ರ ಕೇಳುವ ಸದ್ದು, ಮನುಷ್ಯರಿಗೆ ಕೇಳುವುದಿಲ್ಲ ಅಂತ ಡಬ್ಬದ ಮೇಲೆ ಬರೆದಿತ್ತು. ಹಾಕಿದ ದಿನವೇ ಕಾಳ ಆ ಕಡೆಯ ಜಗಲಿಯಲ್ಲಿ ಮಲಗುವುದು ಬಿಟ್ಟ. ಗುಂಡ ಬಾಗಿಲವರೆಗೆ ಹೋಗಿ, ತಲೆ ಒದರಿ ವಾಪಸ್ ಬಂದ. ನಾನು ಮತ್ತೆ ಕಿವಿ ಸೋಂಕು ಅಂದುಕೊಂಡು ಎತ್ತಿ ಎತ್ತಿ ಮೂಸಿದ್ದೇ ಬಂತು. ವಾರ ಕಳೆದ ಮೇಲೆ ಒಂದು ದಿನ ಕರೆಂಟ್ ಹೋಯಿತು. ಎರಡು ನಿಮಿಷಕ್ಕೆ ಇಬ್ಬರೂ ಅಲ್ಲಿಗೆ ಹೋಗಿ ಮಲಗಿದರು! ನಮಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನದವರೆಗೆ ಕೇಳಿಸುತ್ತದೆ. ನಾಯಿಗೆ ಸುಮಾರು 45,000ದವರೆಗೆ. ಇಲಿಗಳು ಮಾತಾಡಿಕೊಳ್ಳುವ ಎಷ್ಟೋ ಸದ್ದು ನಮ್ಮ ಮಿತಿಯ ಮೇಲೆ, ನಾಯಿಯ ಮಿತಿಯ ಒಳಗೆ. ನನ್ನ ಯಂತ್ರದ ಸದ್ದೂ ಅಲ್ಲೇ. ಇಲಿಗಳು ಹೋದವಾ? ಇಲ್ಲ. ಇಲಿ ಹಿಡಿಯುವವನು ಹೋಗಿದ್ದ. ಯಂತ್ರ ಕಿತ್ತು ಅಟ್ಟಕ್ಕೆ ಎಸೆದೆ.

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎನ್ನುವವರು ಹತ್ತೊಂಬತ್ತನೇ ಶತಮಾನದಲ್ಲಿ ಮನುಷ್ಯರಿಗೆ ಕೇಳದ ಇಂಥ ಸದ್ದಿನ ಸಿಳ್ಳೆ ಮಾಡಿ, ಕೈಕೋಲಿಗೆ ಸಿಕ್ಕಿಸಿಕೊಂಡು, ಪ್ರಾಣಿಗಳ ಹತ್ತಿರ ಊದಿ ನೋಡುತ್ತಿದ್ದರಂತೆ. ಸಣ್ಣ ನಾಯಿಗೆ ಕೇಳುತ್ತದೆ, ದೊಡ್ಡದಕ್ಕೆ ಕೇಳುವುದಿಲ್ಲ ಎಂದು 1883ರಲ್ಲಿ ಬರೆದರು. ಸರಿಯಾಗಿ ನೂರು ವರ್ಷದ ಮೇಲೆ, 1983ರಲ್ಲಿ, ಚಿವಾವಾದಿಂದ ಸೇಂಟ್ ಬರ್ನಾರ್ಡ್‌ವರೆಗೆ ಅಳೆದು ನೋಡಿದರೆ ಮೇಲಿನ ಮಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ದೊಡ್ಡ ನಾಯಿಗಳು ಬಹುಶಃ ಕೇಳಿಯೂ ತಿರುಗಿ ನೋಡಲಿಲ್ಲ ಅಷ್ಟೆ. ನಮ್ಮ ಕಾಳನೂ ಹಾಗೇ. ಇನ್ನೊಂದು ಸಂಗತಿ ನನಗೆ ಖುಷಿ ಕೊಟ್ಟಿತು: ಸದ್ದು ಯಾವ ದಿಕ್ಕಿನಿಂದ ಬಂತು ಎಂದು ಕರಾರುವಾಕ್ಕಾಗಿ ಹೇಳುವುದರಲ್ಲಿ ಮನುಷ್ಯ ನಾಯಿಗಿಂತ ಒಂದು ಕೈ ಮೇಲೆ.

ಪಟಾಕಿ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ದೀಪಾವಳಿಗೆ ಮಾತ್ರ ಅಲ್ಲ, ಮಂಗ ಓಡಿಸಲೂ ನಮ್ಮಲ್ಲಿ ಪಟಾಕಿ ಹೊಡೆಯುತ್ತಾರೆ. ಸಂಜೆ ಬೆಳಕಿರುವಾಗಲೇ ಇಬ್ಬರನ್ನೂ ಹೊರಗೆ ಸುತ್ತಾಡಿಸಿ, ನಡುಮನೆಯ ಕಿಟಕಿ ಮುಚ್ಚಿ, ಫ್ಯಾನ್ ಮತ್ತು ರೇಡಿಯೋ ಹಾಕಿ, ಮಂಚದ ಕೆಳಗೆ ಕಂಬಳಿ ಹಾಸುತ್ತೇನೆ. ಕಿವಿಗೆ ಹತ್ತಿ ತುರುಕಬೇಡಿ. ನಾನು ತುರುಕಿದ್ದೆ. ಮರುದಿನ ಅರ್ಧ ಹತ್ತಿ ಬಾವಿಯೊಳಗೆ ಇತ್ತು.

ಗುಂಡನಿಗೆ ಈಗ ಹನ್ನೆರಡೂವರೆ. ಹೋದ ವರ್ಷ ಒಂದು ದಿನ ನಾನು ಸಿಳ್ಳೆ ಹಾಕಿದರೂ ತಿರುಗಲಿಲ್ಲ. ಮೊಂಡುತನ ಅಂದುಕೊಂಡು ಬೈದೆ. ಆಮೇಲೆ ಅವನ ಬೆನ್ನ ಹಿಂದೆ ಬೀಗದ ಕೈ ಗೊಂಚಲು ಅಲ್ಲಾಡಿಸಿದೆ. ಕಿವಿ ಕದಲಲಿಲ್ಲ. ಚಪ್ಪಾಳೆ ತಟ್ಟಿದೆ, ತಿರುಗಿದ. ವಯಸ್ಸಾದ ನಾಯಿಗೆ ಸಣ್ಣ ದನಿಯ, ಚೂಪು ಸದ್ದುಗಳು ಮೊದಲು ಹೋಗುತ್ತವೆ, ದಪ್ಪ ಸದ್ದು ಇನ್ನೂ ಸ್ವಲ್ಪ ದಿನ ಉಳಿಯುತ್ತದೆ. ಡಾಕ್ಟ್ರು ವಯಸ್ಸಿನ ಕಾರಣ ಅಂದರು. ಪದೇಪದೇ ಆದ ಸೋಂಕಿಗೆ ಕೊಳವೆಯೂ ಕಿರಿದಾಗಿದೆಯಂತೆ. ಆ ಬೆಳ್ಳುಳ್ಳಿ ಎಣ್ಣೆಯ ಪಾಲು ಅದರಲ್ಲಿ ಎಷ್ಟೋ ಅಂತ ನಾನು ಕೇಳಲಿಲ್ಲ.

ಈಗ ಚಪ್ಪಾಳೆಯೂ ಕೇಳುವುದಿಲ್ಲ. ಕೈ ಸನ್ನೆ ಕಲಿಸಿದ್ದೇವೆ. ಅಂಗೈ ಕೆಳಗೆ ಮಾಡಿದರೆ ಕೂರುವುದು, ತೊಡೆ ತಟ್ಟಿದರೆ ಬರುವುದು. ಮಲಗಿದ್ದಾಗ ಮುಟ್ಟಿ ಎಬ್ಬಿಸಿದರೆ ಬೆಚ್ಚಿ ಬಾಯಿ ಹಾಕುತ್ತಾನೆ, ಅದು ಅವನ ತಪ್ಪಲ್ಲ. ಅದಕ್ಕೆ ಅಮ್ಮ ಒಂದು ದಾರಿ ಹುಡುಕಿದ್ದಾರೆ. ಅಟ್ಟದ ಮೇಲಿನ ಹಲಗೆ ನೆಲದಲ್ಲಿ ಅವನು ಮಲಗಿರುವಾಗ, ಎರಡು ಮಾರು ದೂರದಲ್ಲಿ ನಿಂತು, ಊರುಗೋಲಿನಿಂದ ಹಲಗೆಗೆ ಎರಡು ಸಲ ಕುಟ್ಟುತ್ತಾರೆ. ಗುಂಡ ಗಲ್ಲ ಎತ್ತಿ, ಸರಿಯಾಗಿ ಅಮ್ಮನ ಕಡೆಗೇ ನೋಡುತ್ತಾನೆ. “ಕೇಳ್ತಲ್ಲೋ ನಿಂಗೆ, ಕಳ್ಳ” ಅನ್ನುತ್ತಾರೆ ಅಮ್ಮ.