ಚಾಟ್ನಿಯ ದಿನ ಮತ್ತು ಚಿತ್ತೆಯ ಮಳೆ

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನಲ್ಲಿ ನನಗೆ ಮೂರು ಎಕರೆ ದ್ರಾಕ್ಷಿ ತೋಟವಿದೆ. ಡಾಗ್‌ರಿಡ್ಜ್ ಎಂಬ ಬೇರುಗಿಡಕ್ಕೆ ಕಸಿ ಕಟ್ಟಿದ ಥಾಮ್ಸನ್ ಸೀಡ್‌ಲೆಸ್ ತಳಿ. ಬೆಳೆದದ್ದನ್ನೆಲ್ಲ ಒಣದ್ರಾಕ್ಷಿ ಮಾಡುತ್ತೇನೆ. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವ ಕೆಲಸ, ಮಾಡಿ ಒಂದೇ ಫಸಲು ತೆಗೆಯುವ ಪದ್ಧತಿಯಿದೆ. ಏಪ್ರಿಲ್ ಚಾಟ್ನಿ ಹೊಸ ಕಡ್ಡಿ ಬೆಳೆಯಲಿಕ್ಕಾಗಿ, ಅಕ್ಟೋಬರ್ ಚಾಟ್ನಿ ಆ ಕಡ್ಡಿಯಲ್ಲಿ ಬರುವ ಹಣ್ಣಿಗಾಗಿ. ಈ ಎರಡನೆಯದರ ದಿನವನ್ನು ಆರಿಸುವಾಗ ನಾನು ಮಾಡಿದ ತಪ್ಪನ್ನೂ, ಅದರ ಪೆಟ್ಟು ಮರುವರ್ಷದ ಫಸಲಿನವರೆಗೆ ಹೋದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

2020ರಲ್ಲಿ ತೋಟದ ಅರ್ಧಕ್ಕೆ ಸೆಪ್ಟೆಂಬರ್ 28ರಂದು ಕತ್ತರಿ ಹಾಕಿಸಿದೆ. ಬೇಗ ಕಡಿದರೆ ಫೆಬ್ರುವರಿಯಲ್ಲೇ ಹಣ್ಣು ಒಣಗಿಸುವ ಶೆಡ್ಡಿಗೆ ಬರುತ್ತದೆ ಎಂಬ ಆಸೆ ನನಗಿತ್ತು. ಕಣ್ಣುಗಳು ಒಡೆದು, ಚಿಗುರು ನಾಲ್ಕೈದು ಎಲೆಯಾಗಿ, ನಡುವೆ ಎಳೆಯ ಗೊನೆಗಳು ತಲೆ ಎತ್ತುವ ಹೊತ್ತಿಗೆ ಚಿತ್ತೆ ಮಳೆ ಹಿಡಿಯಿತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಅಕ್ಟೋಬರ್ ನಡುವಿನಲ್ಲಿ ಸುರಿದ ಆ ಮಳೆಗೆ ಭೀಮೆ ಉಕ್ಕಿ ಇಂಡಿ, ಸಿಂದಗಿ ಭಾಗದ ಹಳ್ಳಿಗಳು ನೀರಲ್ಲಿ ನಿಂತದ್ದು ಅನೇಕರಿಗೆ ನೆನಪಿರಬಹುದು. ನನ್ನ ತೋಟದಲ್ಲಿ ನೀರು ನಿಲ್ಲಲಿಲ್ಲ. ಆದರೆ ಕರಿಮಣ್ಣಿನ ಕೆಸರಿನಲ್ಲಿ ಟ್ರ್ಯಾಕ್ಟರ್ ಇಳಿಯದೆ ನಾಲ್ಕು ದಿನ ಔಷಧಿ ಹೊಡೆಯಲಾಗಲಿಲ್ಲ. ಎಲೆಯ ಮೇಲೆ ನೀರು ಆರದೆ ನಿಂತು, ಹವೆ 20ರಿಂದ 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಡೌನಿ ಎಂಬ ಬೂಜು ರೋಗಕ್ಕೆ ಅದಕ್ಕಿಂತ ಹಿತವಾದ ಕಾಲವಿಲ್ಲ. ಐದಾರು ದಿನಗಳಲ್ಲಿ ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಅಡಿಯಲ್ಲಿ ಬಿಳಿ ಬೂಜು ಕಾಣಿಸಿತು. ಎಲೆಗೆ ಬಿದ್ದ ರೋಗವನ್ನು ಹೇಗೋ ತಡೆಯಬಹುದು, ಏಕೆಂದರೆ ಹೊಸ ಎಲೆ ಮತ್ತೆ ಬರುತ್ತದೆ. ಗೊನೆಗೆ ಬಿದ್ದರೆ ಆ ವರ್ಷಕ್ಕೆ ಅದು ಹೋದ ಹಾಗೆಯೇ. ಎಕರೆಗೆ ನಾಲ್ಕು ಟನ್ ಒಣದ್ರಾಕ್ಷಿ ಕೊಡುತ್ತಿದ್ದ ಆ ಭಾಗದಲ್ಲಿ ಒಂದು ಟನ್ ಕೂಡ ಕೈಗೆ ಬರಲಿಲ್ಲ.

ಹೆದರಿದ ನಾನು ಉಳಿದರ್ಧವನ್ನು ಚಿತ್ತೆ ಕಳೆದು, ಸ್ವಾತಿ ಹುಟ್ಟಿದ ಮೇಲೆ, ಅಕ್ಟೋಬರ್ 26ಕ್ಕೆ ಕಡಿಸಿದೆ. ಅಲ್ಲಿ ರೋಗ ಕಡಿಮೆಯಿತ್ತು, ಗೊನೆಗಳೂ ಚೆನ್ನಾಗಿ ನಿಂತವು. ಆದರೆ ಮಣಿ ದಪ್ಪವಾಗಬೇಕಾದ ದಿನಗಳು ಚಳಿಗೆ ಸಿಕ್ಕಿ ಬೆಳವಣಿಗೆ ನಿಧಾನವಾಯಿತು. ಒಣಗಿಸುವ ಹಣ್ಣಿಗೆ ಕನಿಷ್ಠ 22 ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಸಿಹಿ ಬೇಕೆಂದು ನಾನು ಕಾಯುತ್ತೇನೆ, ಏಕೆಂದರೆ ಸಿಹಿ ಕಡಿಮೆಯಾದಷ್ಟೂ ಅದೇ ತೂಕದ ಹಣ್ಣಿನಿಂದ ಸಿಗುವ ಒಣದ್ರಾಕ್ಷಿ ಕಡಿಮೆ. ಹೀಗೆ ಕಾಯುತ್ತ ಕಟಾವು ಮಾರ್ಚ್ ಕೊನೆಗೆ ಹೋಯಿತು. ಗಿಡಕ್ಕೆ ವಿಶ್ರಾಂತಿ ಕೊಡದೆ ಕಡಿಯುವಂತಿಲ್ಲವಾದ್ದರಿಂದ ಏಪ್ರಿಲ್ ಚಾಟ್ನಿಯೂ ತಿಂಗಳ ಕೊನೆಗೆ ಜಾರಿತು.

ನಿಜವಾದ ನಷ್ಟ ಅಲ್ಲಿ ಶುರುವಾಯಿತೆಂದು ನನಗೆ ತಿಳಿದದ್ದು ಮುಂದಿನ ಚಳಿಗಾಲದಲ್ಲಿ. ಏಪ್ರಿಲ್ ಚಾಟ್ನಿಯ ನಂತರ ಸುಮಾರು 40ರಿಂದ 70 ದಿನಗಳ ನಡುವೆ ಕಡ್ಡಿಯ ಕಣ್ಣಿನೊಳಗೆ ಗೊನೆಯ ಮೊಳಕೆ ರೂಪುಗೊಳ್ಳುತ್ತದೆ, ಮತ್ತು ಅದಕ್ಕೆ ಬಿಸಿಲು ಬೇಕೇ ಬೇಕು. ತಿಂಗಳ ಮೊದಲ ವಾರದಲ್ಲಿ ಕಡಿದರೆ ಈ ದಿನಗಳು ರೋಹಿಣಿ, ಮೃಗಶಿರದ ಹೊತ್ತಿಗೆ ಬಂದು, ಮೋಡದ ನಡುವೆಯೂ ಸಾಕಷ್ಟು ಬಿಸಿಲು ಸಿಗುತ್ತದೆ. ನನ್ನ ತಡವಾದ ಭಾಗಕ್ಕೆ ಸಿಕ್ಕದ್ದು ಆರ್ದ್ರೆಯ ಮುಚ್ಚಿದ ಆಕಾಶ. 2021ರ ಅಕ್ಟೋಬರ್‌ನಲ್ಲಿ ಕಡಿದಾಗ ಗೊನೆ ಬರಬೇಕಾದ ಜಾಗದಲ್ಲಿ ಎಷ್ಟೋ ಕಡ್ಡಿಗಳಲ್ಲಿ ಬರೀ ಕುಡಿಬಳ್ಳಿ ಬಂದಿತು. ಹಿಂದಿನ ವರ್ಷ ಮಳೆಯಿಂದ ಉಳಿಸಿಕೊಂಡೆ ಎಂದುಕೊಂಡಿದ್ದ ಗಿಡಗಳೇ ಅವು. ಆ ಸಾಲುಗಳಲ್ಲಿ ನಡೆದಾಗ ಆದ ಸಂಕಟವನ್ನು ನಾನು ಮರೆತಿಲ್ಲ.

ಈಗ ನಾನು ಎರಡು ಭಾಗಗಳ ನಡುವೆ ಹತ್ತು ದಿನಕ್ಕಿಂತ ಹೆಚ್ಚು ಅಂತರ ಬಿಡುವುದಿಲ್ಲ. ಮೊದಲನೆಯದು ಅಕ್ಟೋಬರ್ 5ರ ಸುಮಾರಿಗೆ, ಎರಡನೆಯದು 15ರೊಳಗೆ. ಚಿತ್ತೆ ಮಳೆಯ ಭಯ ಇದ್ದೇ ಇದೆ, ಆದರೆ ಅದಕ್ಕೆ ಹೆದರಿ ದಿನ ಮುಂದೂಡುವುದಕ್ಕಿಂತ ಸಿದ್ಧವಾಗಿರುವುದು ಲೇಸೆಂದು ನನ್ನ ಅನುಭವ. ಅದಕ್ಕಾಗಿ ಸಾಲುಗಳ ನಡುವೆ ಮೊರಂ (ಗರಸು ಮಣ್ಣು) ಹಾಕಿಸಿ, ಮಳೆ ನಿಂತ ಅರ್ಧ ದಿನದಲ್ಲಿ ಟ್ರ್ಯಾಕ್ಟರ್ ಓಡುವಂತೆ ಮಾಡಿಕೊಂಡಿದ್ದೇನೆ. ಕಡಿದ ಕೂಡಲೇ ಕಾಂಡಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೇನೆ. ಗೊನೆಯಿಲ್ಲದ ಚಿಗುರುಗಳನ್ನು ಬೇಗನೆ ತೆಗೆಸಿ ಗಾಳಿಯಾಡಲು ಬಿಡುತ್ತೇನೆ. ಮೋಡ ಕಟ್ಟಿದ ದಿನವೇ, ಮೊದಲ ಹನಿಗೆ ಮುಂಚೆ, ರೋಗ ತಡೆಯುವ ಔಷಧಿ ಎಲೆಯ ಮೇಲಿರುವಂತೆ ನೋಡಿಕೊಳ್ಳುತ್ತೇನೆ. ಕಟಾವಿನ ನಂತರ ಹದಿನೈದಿಪ್ಪತ್ತು ದಿನ ಗಿಡವನ್ನು ಸುಮ್ಮನೆ ಬಿಟ್ಟು, ಏಪ್ರಿಲ್ 10ರೊಳಗೆ ಕತ್ತರಿ ಹಾಕಿಸುತ್ತೇನೆ; ಆಳು ಸಿಗದಿದ್ದರೆ ಮನೆಮಂದಿಯೇ ಸಾಲು ಹಿಡಿಯುತ್ತೇವೆ.