ಕಕ್ಕಡದ ಮಳೆಯಲ್ಲಿ ಒಂದು ಜ್ವರ

ಆ ಹುಡುಗ ಮಡಿಕೇರಿ ಬಳಿಯ ನನ್ನ ಕ್ಲಿನಿಕ್‌ಗೆ ಬಂದದ್ದು ಸ್ಟೆಮ್ ಸೆಲ್ ಕಸಿಯಾಗಿ 38ನೇ ದಿನ. ರಕ್ತದ ಕ್ಯಾನ್ಸರ್. ಅಕ್ಕನೇ ಸ್ಟೆಮ್ ಸೆಲ್ ಕೊಟ್ಟಿದ್ದಳು. 100 ದಿನ ಬೆಂಗಳೂರಲ್ಲೇ ಇರಿ ಎಂದು ಅಲ್ಲಿಯ ವೈದ್ಯರು ಹೇಳಿದ್ದರಂತೆ. ಬಾಡಿಗೆ ಕಟ್ಟಿ ಸಾಕಾಗಿ ಮನೆಯವರು ತೋಟಕ್ಕೆ ಕರೆತಂದಿದ್ದರು.

ಮೊದಲು ಮನೆ ನೋಡಲು ಹೋದೆ. ಕಕ್ಕಡ ಅಂದರೆ ಕೊಡವರ ಮಳೆಗಾಲದ ತಿಂಗಳು, ಆಗ ನಮ್ಮ ಕಡೆ ಬೆಲ್ಟು, ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ನಾವು ಸುಮ್ನೆ ಒರೆಸಿಬಿಡುತ್ತೇವೆ. ಆದರೆ ಇಂಥವರ ಶ್ವಾಸಕೋಶಕ್ಕೆ ಆಸ್ಪರ್ಜಿಲಸ್ ಎಂಬ ಬೂಸ್ಟು ಇಳಿದರೆ ಪ್ರಾಣಕ್ಕೇ ಕುತ್ತು. ಗೊಬ್ಬರದ ಗುಂಡಿ ಕಡೆ ಹೋಗಲೇಬೇಡ ಎಂದೆ. ಗೋಡೆ ಒಣಗಿದ್ದ ಕೋಣೆ ಒಂದೇ, ಒಲೆಯ ಪಕ್ಕದ್ದು. ಹಾಸಿಗೆ ಅಲ್ಲಿಗೆ ಬಂತು. ಪಂದಿಕರಿ ಚೆನ್ನಾಗಿ ಬೆಂದಿದ್ದರೆ ತಿನ್ನಲಿ, ಬಾವಿ ನೀರು ಕುದಿಸಿಯೇ ಕೊಡಿ ಎಂದೆ. ಮದ್ದುಸೊಪ್ಪು ತಿನ್ನುವ ದಿನ, ಕಕ್ಕಡ 18, ಹತ್ತಿರ ಬಂದಿತ್ತು. ಮದ್ದುಸೊಪ್ಪಿನ ಪಾಯಸ ಕೊಡಲೇಬೇಕು ಅಂತ ಅಜ್ಜಿ. ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೊಲಿಮಸ್ ಗುಳಿಗೆ ನುಂಗುವವನು ಸೊಪ್ಪಿನ ಮದ್ದು ಮುಟ್ಟದಿರುವುದೇ ವಾಸಿ ಎಂದೆ. ಅಜ್ಜಿ ನನ್ನೊಡನೆ ಮಾತು ಬಿಟ್ಟರು.

41ನೇ ದಿನ ಸಂಜೆ ಅಪ್ಪನ ಫೋನ್. "ಡಾಕ್ಟ್ರೇ, 100.8 ಇದೆ." ಹೋಗಿ ನೋಡಿದೆ. ಗಂಟಲು ಸರಿ, ಎದೆ ಸರಿ, ಔಷಧಿ ಕೊಡಲು ಎದೆಯ ರಕ್ತನಾಳಕ್ಕೆ ಹಾಕಿದ್ದ ಕೊಳವೆ, ಅಂದರೆ ಲೈನ್‌ನ ಸುತ್ತ ಕೆಂಪೂ ಇಲ್ಲ. ವೈರಲ್ ಇರಬಹುದು, ಬೆಳಗ್ಗೆ ನೋಡೋಣ ಅಂದೆ. ತಪ್ಪು ನನ್ನದೇ. ಬಿಳಿ ರಕ್ತಕಣ ಇನ್ನೂ ಕಮ್ಮಿ, ಮೇಲೆ ರೋಗನಿರೋಧಕ ಶಕ್ತಿ ತಗ್ಗಿಸುವ ಗುಳಿಗೆ. ಇಂಥವರಲ್ಲಿ ಹೆಚ್ಚಾಗಿ ಕೀವು ಕಟ್ಟುವುದಿಲ್ಲ, ಕೆಂಪೇರುವುದಿಲ್ಲ. ಎಷ್ಟೋ ಸಲ ಜ್ವರವೊಂದೇ ಸುಳಿವು. 100.4 ದಾಟಿ ನಿಂತರೆ ಗಂಟೆಯೊಳಗೆ ಆ್ಯಂಟಿಬಯೋಟಿಕ್ ಹೋಗಬೇಕು. ಗೊತ್ತಿದ್ದೂ ಸುಮ್ಮನಾದೆ. ರಾತ್ರಿ ಅವರು ಪ್ಯಾರಾಸಿಟಮಾಲ್ ಬೇರೆ ಕೊಟ್ಟು ಜ್ವರ ಮುಚ್ಚಿಹಾಕಿದ್ದರು.

ಬೆಳಗ್ಗೆ ಲೈನ್‌ಗೆ ಸಲೈನ್ ಹಾಯಿಸಿದ ಅರ್ಧ ಗಂಟೆಗೆ ಗಡಗಡ ನಡುಕ. ಆಗ ಹೊಳೆಯಿತು, ಸೋಂಕು ಲೈನಲ್ಲೇ ಇರಬಹುದು. ಲೈನಿಂದೊಂದು, ಕೈಯಿಂದೊಂದು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಎರಡು ಕಲ್ಚರ್ ಬಾಟಲಿಗೆ ರಕ್ತ ತೆಗೆದೆ. ಬೆಂಗಳೂರಿಗೆ ಫೋನ್ ಹಚ್ಚಿ, ಅವರು ಹೇಳಿದ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ಕೈಗೆ ಡ್ರಿಪ್ ಹಾಕಿ ಕೊಟ್ಟೆ. ಮೈಸೂರಿಗೇ ಸುಮಾರು 120 ಕಿಲೋಮೀಟರ್. ದಾರಿಯಲ್ಲೊಂದು ಮರ ಬಿದ್ದರೆ ಮುಗಿಯಿತು. ಡೋಸ್ ಹೋಗದೆ ಕಾರು ಹತ್ತಿಸುವ ಮಾತೇ ಇಲ್ಲ, ಅಲ್ವಾ?

ಬಾಟಲಿಗಳೂ ಅದೇ ಕಾರಿನಲ್ಲಿ ಹೋದವು. ಲೈನಿನ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಕೈಯದಕ್ಕಿಂತ 2 ಗಂಟೆಗೂ ಜಾಸ್ತಿ ಮುಂಚೆ ಬೆಳೆಯಿತಂತೆ. ಅಂದರೆ ಸೋಂಕಿನ ಮೂಲ ಲೈನೇ. ಅದನ್ನು ತೆಗೆದ ಮೇಲೆ ಜ್ವರ ಇಳಿಯಿತು.

ಉಳಿದ ದಿನ ಬೆಂಗಳೂರಲ್ಲೇ ಕಳೆದರು. ಬಾಡಿಗೆ ಭಾವ ಕಟ್ಟಿದನಂತೆ.